ಬಾಗಿಲು ಮುಚ್ಚಿದ ಮೇಲೂ ಉಳಿಯುವ ಹೊಣೆ

ಸಂಸ್ಥೆಯೊಂದನ್ನು ಪ್ರಾರಂಭಿಸುವ ದಿನ ದೀಪ ಬೆಳಗಲು, ಹಾರ ಹಾಕಲು, ಭಾಷಣ ಮಾಡಲು ಜನರಿಗೆ ಕೊರತೆಯಿರುವುದಿಲ್ಲ. ಅದೇ ಸಂಸ್ಥೆಯನ್ನು ಮುಚ್ಚುವ ದಿನ ಬೀಗದ ಕೈಗೊಂಚಲನ್ನು ಹಿಡಿದು ನಿಲ್ಲುವವರು ಇಬ್ಬರೋ ಮೂವರೋ ಮಾತ್ರ. ಮುಂಬಯಿಯ ಉಪನಗರವೊಂದರಲ್ಲಿ ಹಲವು ವರ್ಷ ನಡೆದು, ಕೊನೆಗೆ ಬಾಡಿಗೆಯ ಹೊರೆಯನ್ನೂ ಸ್ವಯಂಸೇವಕರ ಅಭಾವವನ್ನೂ ತಾಳಲಾರದೆ ನಿಂತುಹೋದ ಚಿಕ್ಕದೊಂದು ಧರ್ಮಾರ್ಥ ಆಪ್ತಸಲಹಾ ಕೇಂದ್ರದ ಗೌರವ ಕಾರ್ಯದರ್ಶಿಯಾಗಿ, ಹಾಗೆ ಕೈಗೊಂಚಲನ್ನು ಹಿಡಿದು ನಿಂತವರಲ್ಲಿ ನಾನೂ ಒಬ್ಬನು. ಆ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ನಿಮ್ಮಲ್ಲಿ ಕೆಲವರು ಇಂಥ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ದುಡಿಯುತ್ತಿರಬಹುದು. ಇನ್ನು ಕೆಲವರು ಎಂದಾದರೊಮ್ಮೆ ಇಂಥ ಬಾಗಿಲನ್ನು ತಟ್ಟಿದವರಿರಬಹುದು. ಇಬ್ಬರಿಗೂ ಈ ವಿಷಯ ಸಮಾನವಾಗಿ ಸಂಬಂಧಿಸಿದ್ದಾಗಿದೆ.

ನಮ್ಮ ಸಮಿತಿಯ ಕೊನೆಯ ಸಭೆಯಲ್ಲಿ ಸಾಮಾನುಗಳ ಪಟ್ಟಿಯನ್ನು ಓದಲಾಯಿತು. ಕುರ್ಚಿಗಳು, ಎರಡು ಪಂಖಗಳು, ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಒಂದು ಉಕ್ಕಿನ ಕಪಾಟು. ಯಾವುದು ಯಾವ ಸಂಸ್ಥೆಗೆ ಹೋಗಬೇಕೆಂಬುದು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. “ಕಪಾಟಿನೊಳಗಿನ ಫೈಲುಗಳು?” ಎಂದು ಯಾರೋ ಕೇಳಿದರು. “ರದ್ದಿವಾಲನಿಗೆ ಕೊಟ್ಟುಬಿಡೋಣ, ಕಪಾಟನ್ನು ಸಾಗಿಸುವುದಕ್ಕೂ ಹಗುರವಾಗುತ್ತದೆ” ಎಂದರು ಇನ್ನೊಬ್ಬ ಸದಸ್ಯರು. ಅವರ ಮಾತಿನಲ್ಲಿ ದುರುದ್ದೇಶವೇನೂ ಇರಲಿಲ್ಲ. ಮನೆಯ ಹಳೆಯ ವರ್ತಮಾನ ಪತ್ರಿಕೆಗಳನ್ನು ನಾವೆಲ್ಲರೂ ಮಾಡುವುದು ಹಾಗೆಯೇ ಅಲ್ಲವೇ?

ಆದರೆ ಈ ಮಹಾನಗರದಲ್ಲಿ ರದ್ದಿಯ ಗತಿಯೇನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕಿಲೋ ಲೆಕ್ಕದಲ್ಲಿ ತೂಗಿಕೊಂಡ ಕಾಗದ ನಾಳೆ ಕಡಲೆಕಾಯಿಯ ಪೊಟ್ಟಣವಾಗಿ ಯಾರದೋ ಕೈ ಸೇರುತ್ತದೆ. ನಮ್ಮ ಕಪಾಟಿನಲ್ಲಿದ್ದ ಕಾಗದಗಳಲ್ಲಿ ಬರೆದಿದ್ದುದಾದರೂ ಏನು? ಗಂಡನ ಕುಡಿತದಿಂದ ನೊಂದ ಹೆಂಡತಿಯ ಮಾತು. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ರೈಲುಹಳಿಯ ಬಳಿಗೆ ಹೋಗಿ ಹಿಂತಿರುಗಿದ ಹುಡುಗನ ಮಾತು. ಬಾಣಂತಿತನದಲ್ಲಿ ಮಗುವಿನ ಮುಖ ನೋಡಲೂ ಮನಸ್ಸಾಗದ ತಾಯಿಯ ಮಾತು. ಪ್ರತಿಯೊಂದರ ತಲೆಯ ಮೇಲೂ ಹೆಸರು, ವಿಳಾಸ, ದೂರವಾಣಿ ಸಂಖ್ಯೆ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಅಪಾಯ ಇಮ್ಮಡಿಯಾದುದು. ಕೋಟಿಗಟ್ಟಲೆ ಜನರ ನಡುವೆ ನಾವು ಅಪರಿಚಿತರೆಂಬುದು ನಿಜ. ಆದರೆ ನಮ್ಮವರ ನಡುವೆ ಹಾಗಲ್ಲ. ಅದೇ ಸಂಘ, ಅದೇ ದೇವಸ್ಥಾನ, ಅದೇ ಮದುವೆಮನೆಗಳು. ಮನಸ್ಸಿನ ಬೇನೆಯನ್ನು ತಾಯ್ನುಡಿಯಲ್ಲಿ ಹೇಳಿಕೊಂಡರೇ ಹಗುರವೆಂದು ಕನ್ನಡ ಬಲ್ಲ ಸಲಹೆಗಾರರನ್ನು ಹುಡುಕಿ ಬರುವವರು, ನಮ್ಮವರ ಕಣ್ಣಿಗೆ ಬೀಳದಿರಲೆಂದು ಎರಡು ರೈಲು ಬದಲಿಸಿ ದೂರದ ಉಪನಗರಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ಅವರ ಪಾಲಿಗೆ ಗುಟ್ಟು ಬಯಲಾಗುವುದೆಂದರೆ ಮಗಳ ಸಂಬಂಧ ಮುರಿಯುವುದು, ಕೆಲಸ ಕೈಬಿಡುವುದು, ನೆರೆಹೊರೆಯ ದೃಷ್ಟಿ ಬದಲಾಗುವುದು.

ಆ ಸಭೆಯ ಮರುದಿನ ಒಬ್ಬ ಮಹಿಳೆ ಕೇಂದ್ರಕ್ಕೆ ಬಂದರು. ಹಲವು ವರ್ಷಗಳ ಹಿಂದೆ ಕೆಲವು ತಿಂಗಳ ಕಾಲ ಬಂದುಹೋಗಿ ಗುಣ ಕಂಡವರು. ಅವರ ಅನುಮತಿಯನ್ನು ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟು ಇಷ್ಟನ್ನು ಬರೆಯುತ್ತಿದ್ದೇನೆ. “ರಾಯರೇ, ಕೇಂದ್ರ ಮುಚ್ಚುತ್ತದೆಯೆಂದು ತಿಳಿಯಿತು. ನಾನು ಇಲ್ಲಿ ಕುಳಿತು ಆಡಿದ ಮಾತುಗಳು ಇನ್ನು ಎಲ್ಲಿಗೆ ಹೋಗುತ್ತವೆ?” ಎಂದು ಅವರು ಕೇಳಿದರು. “ಚಿಂತಿಸಬೇಡಿ ಅಮ್ಮಾ, ಎಲ್ಲವೂ ಭದ್ರವಾಗಿವೆ” ಎಂದು ನಾನು ಉತ್ತರಿಸಿದೆನು. ಅವರು ಹೋದ ಮೇಲೆ, ನಾನು ಆಡಿದ್ದು ಸುಳ್ಳೆಂದು ನನಗೇ ಅರಿವಾಯಿತು. ಅವು ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತಿರಲಿಲ್ಲ. ಅಂದೇ ಅಧ್ಯಕ್ಷರನ್ನು ಕಂಡು, ವಿಸರ್ಜನೆಯ ಕಾರ್ಯವನ್ನು ಮೂರು ತಿಂಗಳು ಮುಂದೂಡುವಂತೆ ಕೇಳಿಕೊಂಡೆನು.

ಆಸ್ತಿಯೋ, ನಿಕ್ಷೇಪವೋ?

ಸಂಘವೊಂದು ವಿಸರ್ಜನೆಯಾಗುವಾಗ ಅದರ ಆಸ್ತಿಪಾಸ್ತಿಯ ವಿಲೇವಾರಿಗೆ 1860ರ ಸಂಘಗಳ ನೋಂದಣಿ ಅಧಿನಿಯಮದಲ್ಲಿ ಸ್ಪಷ್ಟವಾದ ಮಾರ್ಗವಿದೆ. ಅದರ 13ನೆಯ ಪ್ರಕರಣದ ಪ್ರಕಾರ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ವಿಸರ್ಜನೆಗೆ ಒಪ್ಪಬೇಕು. 14ನೆಯ ಪ್ರಕರಣದ ಪ್ರಕಾರ ಸಾಲ ತೀರಿಸಿ ಉಳಿದುದನ್ನು ಸದಸ್ಯರು ಹಂಚಿಕೊಳ್ಳದೆ ಬೇರೊಂದು ಸಂಘಕ್ಕೆ ಕೊಡಬೇಕು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಅಧಿನಿಯಮವೂ ಇದ್ದು, ಚ್ಯಾರಿಟಿ ಕಮಿಷನರರ ಕಚೇರಿಗೆ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಹೀಗೆ ಕುರ್ಚಿಗೂ ಪಂಖಕ್ಕೂ ಹಣಕ್ಕೂ ದಾರಿಯಿದೆ.

ಹಾಗಾದರೆ ಕಪಾಟಿನ ಕಡತಗಳನ್ನೂ ಆಸ್ತಿಯೆಂದು ಬಗೆದು, ಕಪಾಟಿನ ಸಮೇತ ಇನ್ನೊಂದು ಸಂಘಕ್ಕೆ ಕೊಟ್ಟುಬಿಡಬಹುದೇ? ಕೊಡಲಾಗದು. ಕಾಗದ ಸಂಘದ್ದಿರಬಹುದು, ಅದರ ಮೇಲಿನ ಗುಟ್ಟು ಸಂಘದ್ದಲ್ಲ. ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ‘ನಿಕ್ಷೇಪ’ಕ್ಕೆ ಒಂದು ಸ್ಥಾನವನ್ನು ಕೊಟ್ಟರು. ನಂಬಿ ಇಟ್ಟುಹೋದ ಗಂಟು ಎಂದು ಅದರ ಅರ್ಥ. ಅದನ್ನು ಇಟ್ಟುಕೊಂಡವನು ಕಾಯಬಹುದೇ ಹೊರತು ಮಾರಬಾರದು, ದಾನ ಮಾಡಬಾರದು. ಸಂಕಟದ ಗಳಿಗೆಯಲ್ಲಿ ಒಬ್ಬರು ಹೇಳಿಕೊಂಡ ಮಾತು ಇಂಥದೇ ನಿಕ್ಷೇಪ. ಅದು ಯಜಮಾನರಿಗೆ ಹಿಂತಿರುಗಬೇಕು. ಇಲ್ಲವೇ ಅವರು ಒಪ್ಪಿದ ಕೈಗೆ ಹೋಗಬೇಕು. ಎರಡೂ ಆಗದಿದ್ದರೆ ಯಾರ ಕೈಗೂ ಸಿಗದಂತೆ ಇಲ್ಲವಾಗಬೇಕು. ನಾನು ಹೇಳಬೇಕೆಂದಿರುವುದರ ಸಾರ ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಕಾನೂನಿನ ಆಧಾರ

2017ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮವು 2018ರಿಂದ ಜಾರಿಯಲ್ಲಿದೆ. ಅದರ 23ನೆಯ ಪ್ರಕರಣ ಮಾನಸಿಕ ಅಸ್ವಸ್ಥರಿಗೆ ತಮ್ಮ ಕಾಯಿಲೆ, ಚಿಕಿತ್ಸೆಗಳ ವಿಷಯದಲ್ಲಿ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಚಿಕಿತ್ಸೆ ನೀಡುವ ಆರೋಗ್ಯ ವೃತ್ತಿಪರರೆಲ್ಲರಿಗೂ ಆ ಗುಟ್ಟನ್ನು ಕಾಯುವ ಕರ್ತವ್ಯವನ್ನು ವಿಧಿಸಿದೆ. ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಇದು ಅನ್ವಯಿಸುತ್ತದೆಂದು ಅಧಿನಿಯಮದ 24ನೆಯ ಪ್ರಕರಣ ಬಿಡಿಸಿ ಹೇಳಿದೆ. ಅಪವಾದಗಳೂ ಉಂಟು. ಪ್ರಾಣಾಪಾಯವನ್ನು ತಪ್ಪಿಸಲು, ಇನ್ನೊಬ್ಬರಿಗೆ ಆಗಬಹುದಾದ ಹಾನಿಯನ್ನು ತಡೆಯಲು, ಉಚ್ಚ ನ್ಯಾಯಾಲಯದಂಥ ಅಧಿಕಾರಸ್ಥಾನದ ಆಜ್ಞೆಯನ್ನು ಪಾಲಿಸಲು ಮಾಹಿತಿಯನ್ನು ಕೊಡಬಹುದು. ಹಾನಿಯನ್ನು ತಡೆಯುವ ಸಂದರ್ಭದಲ್ಲಿಯೂ ಅಗತ್ಯವಿರುವಷ್ಟನ್ನು ಮಾತ್ರವೇ ಕೊಡಬೇಕು. 25ನೆಯ ಪ್ರಕರಣದಂತೆ ತಮ್ಮ ಮೂಲ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕೂ ರೋಗಿಗೆ ಉಂಟು.

ಗಣಕೀಕೃತ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಇದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಆಚರಣೆಗೆ ಬರುವಂತೆ ಏರ್ಪಡಿಸಲಾಗಿದೆ. ಯಾವ ಉದ್ದೇಶಕ್ಕೆಂದು ಮಾಹಿತಿಯನ್ನು ಪಡೆಯಲಾಯಿತೋ ಆ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಬೇಕೆಂದು ಹೇಳದಿದ್ದರೆ, ಅದನ್ನು ಅಳಿಸಬೇಕೆಂಬುದು ಅದರ ತತ್ವ. ಇನ್ನು ವೈದ್ಯರಿಗೆ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಪ್ರಾರಂಭವಾದ ದಿನದಿಂದ 3 ವರ್ಷ ಇಡುವ ಹೊಣೆಯಿದೆ. ರೋಗಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು.

ಇಷ್ಟಾದರೂ, ಸಂಜೆಯ ಬಿಡುವಿನಲ್ಲಿ ಬಂದು ಕುಳಿತು ಇನ್ನೊಬ್ಬರ ದುಃಖವನ್ನು ಆಲಿಸುವ ಸ್ವಯಂಸೇವಕರು ವೈದ್ಯರಲ್ಲ. ಅವರನ್ನು ಮುಖ್ಯವಾಗಿ ಕಟ್ಟಿಹಾಕುವುದು ಅವರು ಕೊಟ್ಟ ಮಾತು. 1953ರಲ್ಲಿ ಲಂಡನ್ನಿನಲ್ಲಿ ಪಾದ್ರಿ ಚಾಡ್ ವಾರಾ ಅವರು ಸ್ಥಾಪಿಸಿದ ‘ಸಮಾರಿಟನ್ಸ್’ ಇರಲಿ, 1986ರಲ್ಲಿ ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಆರಂಭಿಸಿದ ‘ಸ್ನೇಹಾ’ ಇರಲಿ, ಇಂಥ ಸೇವೆಗಳೆಲ್ಲ ನಿಂತಿರುವುದು ‘ನಿಮ್ಮ ಮಾತು ಇಲ್ಲಿಂದ ಹೊರಗೆ ಹೋಗುವುದಿಲ್ಲ’ ಎಂಬ ಒಂದೇ ಭರವಸೆಯ ಮೇಲೆ. ಸಂಸ್ಥೆ ಮುಚ್ಚುವವರೆಗೆ ಮಾತ್ರ ಎಂದು ಯಾರೂ ಆ ಭರವಸೆಗೆ ಗಡುವು ಹಾಕಿರುವುದಿಲ್ಲ.

ಪರದೇಶದ ಎರಡು ನಿದರ್ಶನಗಳು

ಸಂಸ್ಥೆ ಹಠಾತ್ತಾಗಿ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನ ‘ಕಿಡ್ಸ್ ಕಂಪನಿ’ ಒಂದು ನಿದರ್ಶನ. ಮನೋಚಿಕಿತ್ಸೆಯಲ್ಲಿ ತರಬೇತಿ ಪಡೆದ ಕಮಿಲಾ ಬಾಟ್ಮನ್‌ಘೆಲಿಜ್ ಅವರು 1996ರಲ್ಲಿ ಸ್ಥಾಪಿಸಿದ ಈ ಧರ್ಮಾರ್ಥ ಸಂಸ್ಥೆ, ಆಘಾತ ಮತ್ತು ಅನಾದರಕ್ಕೆ ಗುರಿಯಾದ ಮಕ್ಕಳಿಗೆ ಆಸರೆಯಾಗಿತ್ತು. 2015ರ ಆಗಸ್ಟ್ 5ರಂದು ಅದು ಬಾಗಿಲು ಮುಚ್ಚಿತು. ಸರ್ಕಾರ 30 ಲಕ್ಷ ಪೌಂಡುಗಳ ಅನುದಾನವನ್ನು ಕೊಟ್ಟು ಕೆಲವೇ ದಿನಗಳಾಗಿದ್ದವು. ಆಡಳಿತ ನ್ಯಾಯಾಲಯದ ಮೂಲಕ ಅಧಿಕೃತ ಸಮಾಪಕರ ಕೈ ಸೇರಿತು. ಮಕ್ಕಳ ಕಡತಗಳನ್ನು ಸ್ಥಳೀಯ ಆಡಳಿತಗಳಿಗೆ ಹಸ್ತಾಂತರಿಸಬೇಕಾಯಿತು. ಸಂಸ್ಥೆ ತಾನು ನೆರವು ನೀಡಿದುದಾಗಿ ಹೇಳಿಕೊಂಡಿದ್ದ 36,000 ಜನರ ಸಂಖ್ಯೆಗೂ ಹಸ್ತಾಂತರವಾದ ಕಡತಗಳ ಸಂಖ್ಯೆಗೂ ಬಹಳ ಅಂತರವಿತ್ತೆಂಬುದು ದೊಡ್ಡ ಚರ್ಚೆಯಾಯಿತು. ಮುಂದೆ 2021ರ ಫೆಬ್ರವರಿಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ, ವಿಶ್ವಸ್ತರನ್ನು ನಿರ್ದೇಶಕ ಸ್ಥಾನಕ್ಕೆ ಅನರ್ಹರೆಂದು ಸಾರಬೇಕೆಂಬ ಅರ್ಜಿಯನ್ನು ತಳ್ಳಿಹಾಕಿತು. ವಿವಾದದ ಸರಿತಪ್ಪುಗಳು ನಮಗೆ ಬೇಕಿಲ್ಲ. ನಮಗೆ ಮುಖ್ಯವಾದುದು ಇದು: ಒಬ್ಬ ಸಲಹೆಗಾರ್ತಿಯನ್ನು ನಂಬಿ ಮಗು ಆಡಿದ ಮಾತು, ಆ ಮಗುವಿಗೆ ಆಯ್ಕೆಯ ಅವಕಾಶವೇ ಇಲ್ಲದೆ, ಅಪರಿಚಿತ ಕಚೇರಿಗಳ ಕಡೆಗೆ ಸಾಗಿತು. ಅಲ್ಲಿ ಅದಕ್ಕೆ ಕಾರಣವಿತ್ತು. ಅಪಾಯದಲ್ಲಿದ್ದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಲೇಬೇಕಿತ್ತು. ಆದರೆ ಅವಸರವಿಲ್ಲದಿದ್ದರೆ ಕೇಳಿ ಕೊಡಬಹುದಾಗಿತ್ತು.

ಎರಡನೆಯದು ಫಿನ್ಲೆಂಡಿನ ‘ವಸ್ತಾಮೊ’. ಇದು ಧರ್ಮಸಂಸ್ಥೆಯಲ್ಲ, ಮನೋಚಿಕಿತ್ಸೆಯ ಕೇಂದ್ರಗಳನ್ನು ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆ. ಸುಮಾರು 33,000 ರೋಗಿಗಳ ಮಾಹಿತಿ ಅದರ ಕಂಪ್ಯೂಟರುಗಳಿಂದ ಕಳುವಾಯಿತು. 2020ರ ಅಕ್ಟೋಬರಿನಲ್ಲಿ ಸಂಗತಿ ಬಯಲಾಯಿತು. ಮೊದಲು ಸಂಸ್ಥೆಯಿಂದ ಹಣ ಕೇಳಿದ್ದ ದುಷ್ಕರ್ಮಿ, ಅನಂತರ ರೋಗಿಗಳಿಗೇ ನೇರವಾಗಿ ಪತ್ರ ಕಳುಹಿಸಿ, 200 ಯೂರೋಗಳನ್ನು ಕೊಡದಿದ್ದರೆ ನಿಮ್ಮ ಚಿಕಿತ್ಸೆಯ ಟಿಪ್ಪಣಿಗಳನ್ನು ಜಗಜ್ಜಾಹೀರು ಮಾಡುವುದಾಗಿ ಬೆದರಿಸಿದನು. 2021ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿಯಾಯಿತು. ಸಂಸ್ಥೆ ಸತ್ತರೂ ಟಿಪ್ಪಣಿಗಳು ಸಾಯಲಿಲ್ಲ. ಬೇಡದ ಹಳೆಯ ಮಾಹಿತಿಯನ್ನು ಕಾಲಕಾಲಕ್ಕೆ ಅಳಿಸುತ್ತಿದ್ದರೆ ಕಳ್ಳನ ಕೈಗೆ ಸಿಗುವುದೂ ಅಷ್ಟರಮಟ್ಟಿಗೆ ಕಡಿಮೆಯೇ.

ಗುಟ್ಟು ಎಲ್ಲೆಲ್ಲಿ ಅಡಗಿರುತ್ತದೆ?

ಈಗ ನಮ್ಮ ಚಿಕ್ಕ ಕೇಂದ್ರಕ್ಕೆ ಹಿಂತಿರುಗೋಣ. ಮೂರು ತಿಂಗಳ ಕಾಲಾವಕಾಶ ದೊರೆತಾಗ ನಾವು ಮಾಡಿದ ಮೊದಲ ಕೆಲಸವೆಂದರೆ ಹುಡುಕುವುದು. ಗುಟ್ಟೆಲ್ಲ ಕಪಾಟಿನಲ್ಲಿದೆಯೆಂದು ನಾವು ಭಾವಿಸಿದ್ದೆವು. ಆದರೆ ಬಾಗಿಲ ಬಳಿಯ ಮೇಜಿನ ಮೇಲೆ, ಯಾರು ಯಾವ ದಿನ ಯಾವ ಹೊತ್ತಿಗೆ ಬರುವರೆಂಬ ದಿನವಹಿ ತೆರೆದೇ ಇರುತ್ತಿತ್ತು. ಕಾಣಿಕೆಯ ರಸೀದಿ ಪುಸ್ತಕದ ಪ್ರತಿಗಳಲ್ಲಿ ಹೆಸರುಗಳಿದ್ದವು. ಲೆಕ್ಕದ ವೋಚರುಗಳಲ್ಲಿ ‘ಇಂಥವರನ್ನು ಆಸ್ಪತ್ರೆಗೆ ಕರೆದೊಯ್ದ ಟ್ಯಾಕ್ಸಿ ಬಾಡಿಗೆ’ ಎಂದಿತ್ತು. ಸ್ವಯಂಸೇವಕರ ಸ್ವಂತ ಡೈರಿಗಳಲ್ಲಿ ಟಿಪ್ಪಣಿಗಳಿದ್ದವು. ಅವರ ಮೊಬೈಲುಗಳಲ್ಲಿ ಸಂಖ್ಯೆಗಳೂ ವಾಟ್ಸಾಪ್ ಸಂದೇಶಗಳೂ ಇದ್ದವು. ಕಂಪ್ಯೂಟರಿನಲ್ಲಿ ಅಳಿಸಿದ್ದೇವೆಂದುಕೊಂಡ ಪತ್ರಗಳು ಹಾಗೆಯೇ ಉಳಿದಿದ್ದವು. ಅಂತರ್ಜಾಲದ ಹೆಸರನ್ನು ನವೀಕರಿಸದೆ ಬಿಟ್ಟರೆ ಬೇರೊಬ್ಬರು ಅದನ್ನು ಕೊಂಡುಕೊಂಡು, ಆ ವಿಳಾಸಕ್ಕೆ ಬರುವ ಮಿಂಚಂಚೆಯನ್ನೆಲ್ಲ ತಾವೇ ಪಡೆಯಬಹುದೆಂಬುದು ನಮಗೆ ಆಗ ತಿಳಿದ ಸಂಗತಿ.

ಅನುಸರಿಸಬೇಕಾದ ಕ್ರಮ

ಇಂಥ ಸಂದರ್ಭ ಒದಗಿದ ಸಮಿತಿಗಳಿಗೆ ನೆರವಾಗಬಹುದೆಂದು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಕೊಟ್ಟಿದೆ.

1. ಈಗಲೂ ಸಲಹೆ ಪಡೆಯುತ್ತಿರುವವರಿಗೆ ಅವರ ಸಲಹೆಗಾರರೇ ಎದುರು ಕುಳಿತು, ಸಾಧ್ಯವಾದಷ್ಟು ಮುಂಚಿತವಾಗಿ ವಿಷಯವನ್ನು ತಿಳಿಸಬೇಕು. ನೋಟೀಸು ಹಲಗೆಯಿಂದ ತಿಳಿಯುವಂತಾಗಬಾರದು.

2. ಹಳಬರನ್ನು ಸಂಪರ್ಕಿಸುವಾಗ, ಸಂಪರ್ಕವೇ ಗುಟ್ಟನ್ನು ಒಡೆಯಬಾರದು. ಕೇಂದ್ರದ ಹೆಸರು ಅಚ್ಚಾದ ಲಕೋಟೆಗಳಲ್ಲಿ ಪತ್ರಗಳನ್ನು ತುಂಬಿ ಅಂಚೆಗೆ ಹಾಕಲು ನಾವು ಸಿದ್ಧರಾಗಿದ್ದೆವು. “ಈ ಲಕೋಟೆ ಅತ್ತೆಯ ಕೈಗೆ ಸಿಕ್ಕರೆ?” ಎಂದು ಕೇಳಿ ನಮ್ಮನ್ನು ತಡೆದವರು ಒಬ್ಬ ಕಿರಿಯ ಸ್ವಯಂಸೇವಕಿ. ಮೊದಲ ದಿನವೇ ‘ನಿಮ್ಮನ್ನು ಯಾವ ಸಂಖ್ಯೆಗೆ, ಯಾವ ಹೊತ್ತಿನಲ್ಲಿ ಕರೆಯಬಹುದು?’ ಎಂದು ಕೇಳಿ ಬರೆದುಕೊಂಡಿದ್ದವರನ್ನು ಮಾತ್ರ ನಾವು ಕರೆದೆವು. ಉಳಿದವರಿಗಾಗಿ ಪತ್ರಿಕೆಯಲ್ಲಿ ಸಾಮಾನ್ಯ ಪ್ರಕಟಣೆಯೊಂದನ್ನು ಕೊಟ್ಟು, ಬಂದು ವಿಚಾರಿಸಲು ಅವಧಿಯನ್ನು ಗೊತ್ತುಪಡಿಸಿದೆವು.

3. ಪ್ರತಿಯೊಬ್ಬರ ಮುಂದೆಯೂ ಮೂರು ಆಯ್ಕೆಗಳನ್ನು ಇಡಬೇಕು: ಕಡತವನ್ನು ಅಥವಾ ಅದರ ಸಾರಾಂಶವನ್ನು ತಾವೇ ಒಯ್ಯುವುದು, ತಾವು ಹೆಸರಿಸಿದ ವೈದ್ಯರಿಗೆ ಅಥವಾ ಕೇಂದ್ರಕ್ಕೆ ಕಳುಹಿಸಲು ಲಿಖಿತ ಒಪ್ಪಿಗೆ ಕೊಡುವುದು, ನಾಶಪಡಿಸಲು ಹೇಳುವುದು.

4. ಉತ್ತರ ಬಾರದವರ ಕಡತಗಳನ್ನು ಮೊಹರು ಮಾಡಿ, ವೃತ್ತಿಧರ್ಮಕ್ಕೆ ಬದ್ಧರಾದ ಒಬ್ಬ ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ವಶಕ್ಕೆ ಲಿಖಿತ ಕರಾರಿನೊಡನೆ ಒಪ್ಪಿಸಬೇಕು. ಎಷ್ಟು ಕಾಲ ಇಡಬೇಕು, ಎಂದು ನಾಶಪಡಿಸಬೇಕು ಎಂಬುದು ಆ ಕರಾರಿನಲ್ಲಿಯೇ ಇರಬೇಕು. ವಕೀಲರ ಸಲಹೆ ಇಲ್ಲಿ ಅವಶ್ಯ. ನ್ಯಾಯಾಲಯದಲ್ಲಿರುವ ವ್ಯಾಜ್ಯಕ್ಕೆ ಬೇಕಾದ ದಾಖಲೆಯನ್ನು ನಾಶಪಡಿಸಕೂಡದು.

5. ಲೆಕ್ಕಪತ್ರಗಳನ್ನು ತೆರಿಗೆಯ ಕಾನೂನು ಹೇಳುವಷ್ಟು ಕಾಲ ಇಡಲೇಬೇಕು. ಆದುದರಿಂದ ಲೆಕ್ಕದಲ್ಲಿ ಮೊದಲಿನಿಂದಲೂ ಹೆಸರಿನ ಬದಲು ಕ್ರಮಸಂಖ್ಯೆಯನ್ನು ಬರೆಯುವುದು ಲೇಸು.

6. ನಾಶಪಡಿಸುವುದೆಂದರೆ ಹರಿದು ಬುಟ್ಟಿಗೆ ಹಾಕುವುದಲ್ಲ. ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವ ಯಂತ್ರದಲ್ಲಿ ಪುಡಿಮಾಡಿ, ನೀರಿನಲ್ಲಿ ನೆನೆಸಿ ಮುದ್ದೆಯಾಗಿಸಬೇಕು. ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಜಾಣರಿಂದ ಪೂರ್ತಿಯಾಗಿ ಅಳಿಸಬೇಕು, ಇಲ್ಲವೇ ಒಡೆಯಬೇಕು. ಹಾಗೆಯೇ ದಾನ ಮಾಡಬಾರದು. ಇಬ್ಬರು ಸಾಕ್ಷಿಗಳ ಸಹಿಯೊಡನೆ, ಹೆಸರುಗಳಿಲ್ಲದೆ ಸಂಖ್ಯೆಯನ್ನೂ ದಿನಾಂಕವನ್ನೂ ಮಾತ್ರ ನಮೂದಿಸಿದ ಪ್ರಮಾಣಪತ್ರವನ್ನು ಬರೆದಿಡಬೇಕು.

7. ಸಹಾಯವಾಣಿಯ ಸಂಖ್ಯೆಯನ್ನು ಒಡನೆಯೇ ಬಿಟ್ಟುಕೊಡಬಾರದು. ನಿಷ್ಕ್ರಿಯವಾದ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಕಾಲ ಬೇರೆಯವರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತಿಳಿಸಿತ್ತು. ಅಂದರೆ ಅನಂತರ ಅದು ಯಾರದೋ ಪಾಲಾಗಬಹುದು. ನಟ್ಟಿರುಳಿನಲ್ಲಿ ಸಾಯಲು ಹೊರಟವರೊಬ್ಬರು ಆ ಸಂಖ್ಯೆಯನ್ನು ಒತ್ತಿದಾಗ ಅತ್ತ ಕಡೆಯಿಂದ ಯಾರೋ ಅಪರಿಚಿತರು ಮಾತನಾಡಿದರೆ ಗತಿಯೇನು? ಆದಷ್ಟು ಕಾಲ ಸಂಖ್ಯೆಯನ್ನು ಉಳಿಸಿಕೊಂಡು, ಬೇರೆಡೆ ದೊರೆಯುವ ನೆರವನ್ನು ಸೂಚಿಸುವ ಧ್ವನಿಮುದ್ರಿತ ಸಂದೇಶವನ್ನು ಇಡಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆ 14416 ಎಂಬ ಸಂಖ್ಯೆಯಲ್ಲಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ, ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಕ ಸಂಸ್ಥೆ.

ಉಳಿಯುವ ಕಡತ

ಆ ಮಹಿಳೆಯನ್ನು ಮತ್ತೆ ಬರಹೇಳಿ, ಅವರ ಕಡತವನ್ನು ಅವರ ಕೈಗೇ ಕೊಟ್ಟೆವು. ಅವರು ಒಂದೆರಡು ಹಾಳೆ ಓದಿದರು. ಬಳಿಕ ಮಡಚಿ ಮೇಜಿನ ಮೇಲಿಟ್ಟರು. “ನನ್ನದೇನೋ ಹೌದು ರಾಯರೇ, ಆದರೆ ಇದನ್ನು ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ” ಎಂದರು. ಎರಡು ಕೋಣೆಗಳ ಮನೆಯಲ್ಲಿ ಆರು ಮಂದಿ ಇರುವವರಿಗೆ ಬೀಗ ಹಾಕುವ ಪೆಟ್ಟಿಗೆಯೂ ಸ್ವಂತದ್ದಲ್ಲವೆಂಬುದು ನಮಗೆ ಹೊಳೆದಿರಲಿಲ್ಲ. ಹಿಂತಿರುಗಿಸುವುದೇ ಸರ್ವೋತ್ತಮವೆಂದು ನಾವು ತಿಳಿದಿದ್ದೆವು. ಎಲ್ಲರಿಗೂ ಅದು ಹೊಂದುವುದಿಲ್ಲ. ಅವರ ಎದುರಿನಲ್ಲಿಯೇ ಹಾಳೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿದೆವು. ಕೊನೆಯ ಹಾಳೆ ಮುಗಿಯುವವರೆಗೂ ಅವರು ನಿಂತಿದ್ದರು.

ಯಂತ್ರಕ್ಕೆ ಹಾಕಲಾಗದ ಕಡತವೊಂದು ಉಳಿಯುತ್ತದೆ; ಅದು ಕೇಳಿದವರ ನೆನಪು. ಕೊನೆಯ ದಿನ ನಮ್ಮ ಸ್ವಯಂಸೇವಕರೆಲ್ಲರೂ ಸೇರಿ, ಇಲ್ಲಿ ಕೇಳಿದುದನ್ನು ಮನೆಯಲ್ಲಾಗಲಿ, ಗೆಳೆಯರಲ್ಲಾಗಲಿ, ಹೆಸರು ಮರೆಸಿಯೂ ಸಹ ಆಡುವುದಿಲ್ಲವೆಂದು ಬರೆದು ಸಹಿ ಮಾಡಿದರು. ಕೇಂದ್ರ ಇಲ್ಲವಾದ ಮೇಲೆ ಆ ಕಾಗದಕ್ಕೆ ಬೆಲೆಯೇನೆಂದು ಕೆಲವರು ನಗಬಹುದು. ಆದರೂ ಸಹಿ ಮಾಡುವಾಗ ಯಾರೂ ನಗಲಿಲ್ಲ.

ಆಮೇಲೊಂದು ದಿನ ಸಾರ್ವಜನಿಕ ಸಮಾರಂಭವೊಂದರಲ್ಲಿ ಆ ಮಹಿಳೆ ಕುಟುಂಬ ಸಮೇತ ಎದುರಾದರು. ಯಾವ ಸಮಾರಂಭ, ಎಂದು, ಎಲ್ಲಿ ಎಂಬುದನ್ನು ಬರೆಯಲಾರೆ. ನಾನು ಗುರುತಿಲ್ಲದವನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆನು. ಅವರೂ ಗುರುತಿಲ್ಲದವರಂತೆಯೇ ಮುಂದೆ ನಡೆದರು. ನಾಲ್ಕು ಹೆಜ್ಜೆ ಹೋದ ಮೇಲೆ ಒಮ್ಮೆ ಹಿಂತಿರುಗಿ ನೋಡಿದರು.